ತೂಬಿನ ಹತ್ತಿರ ನಿಂತ ಗೆರೆ

ಶಹಾಪುರ,
14 ಡಿಸೆಂಬರ್ 2001, ಶುಕ್ರವಾರ

ಪ್ರೀತಿಯ ಅಕ್ಕ,

ತಮ್ಮ ಅಂಬ್ರಪ್ಪ ಮಾಡುವ ನಮಸ್ಕಾರ. ಮೊದಲು ನಿನ್ನ ಮೊಣಕಾಲಿನ ಮಾತು. ನಿಮ್ಮ ಶಾಲೆಯ ಮಾಸ್ತರೊಬ್ಬರು ಹೋದ ವಾರ ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ದೇವಕಮ್ಮ ಟೀಚರು ಈಗ ಬೋರ್ಡಿನ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕುರ್ಚಿಯಲ್ಲಿ ಕೂತೇ ಮಗ್ಗಿ ಹೇಳಿಸುತ್ತಾರೆ ಎಂದರು. ಎಣ್ಣೆ ಹಚ್ಚಿ ಬಿಸಿನೀರು ಹಾಕುವುದನ್ನು ಬಿಡಬೇಡ. ಶಾಲೆಯ ದಾರಿಗೆಂದು ರೈಲ್ವೆ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿಯುವುದನ್ನು ಬಿಡು. ಮಾವನವರ ಸಕ್ಕರೆ ಎಷ್ಟಕ್ಕೆ ಬಂತು? ಅವ್ವ ಆರಾಮ ಇದ್ದಾಳೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅಕ್ಕಿಯಲ್ಲಿನ ಕಲ್ಲು ಮನೆಯಲ್ಲಿ ಎಲ್ಲರಿಗಿಂತ ಮೊದಲು ಅವಳಿಗೇ ಕಾಣುತ್ತದೆ, ಸೊಸೆ ಲಾಲಮ್ಮನಿಗೆ ಅದೊಂದು ಹೊಸ ತಲೆನೋವು. ನಿನಗೆ ಶಾಲೆಯ ನಂಬರಿಗೆ ಫೋನ್ ಮಾಡಬಹುದಿತ್ತು. ಆದರೆ ಹೆಡ್‌ಮಾಸ್ತರ ಮೇಜಿನ ಮೇಲಿನ ಫೋನಿನಲ್ಲಿ ನಾನು ಮಳೆ ಬೆಳೆ ಕೇಳಿ ಇಟ್ಟುಬಿಡುತ್ತಿದ್ದೆ ಎಂಬುದು ನನಗೆ ಗೊತ್ತು, ನಿನಗೂ ಗೊತ್ತು. ಯಾದಗಿರಿ ಇಲ್ಲಿಂದ ಒಂದು ತಾಸಿನ ದಾರಿ. ಅಷ್ಟು ಹತ್ತಿರಕ್ಕೆ ಕಾಗದ ಬರೆಯುವುದು ವಿಚಿತ್ರವೇ, ಆದರೂ ಬರೆಯುತ್ತಿದ್ದೇನೆ.

ಸುದ್ದಿ ಎಂದರೆ, ನಲವತ್ತಾರನೆಯ ವಯಸ್ಸಿಗೆ ನಾನು ಮತ್ತೆ ವಿದ್ಯಾರ್ಥಿಯಾಗಿದ್ದೇನೆ. ಕಾಲುವೆ ಕಚೇರಿಯ ಬಟ್ಟೆಯ ನಕ್ಷೆಗಳನ್ನೆಲ್ಲ ಇನ್ನು ಮೇಲೆ ಕಂಪ್ಯೂಟರಿನಲ್ಲಿ ಬರೆಯಬೇಕಂತೆ. ನನ್ನನ್ನೂ ನನ್ನ ಜೊತೆಯ ಟ್ರೇಸರ್ ಜಗದೇವಪ್ಪನವರನ್ನೂ ಒಂದು ತಿಂಗಳು ಕಲಿಯಲು ಕೂರಿಸಿದ್ದಾರೆ. ಕಲಿಸುವವರು ಮಮ್ತಾಜ ಎಂಬ ಹೆಣ್ಣುಮಗಳು, ಗೋಗಿ ಕಡೆಯವರು, ಸಿವಿಲ್ ಡಿಪ್ಲೊಮಾ ಮಾಡಿದ್ದಾರೆ. ಮೂವತ್ತು ದಾಟಿರಬೇಕು. ನಮ್ಮಿಬ್ಬರನ್ನೂ ಕಾಕಾ ಎಂದು ಕರೆಯುತ್ತಾರೆ, ತಪ್ಪು ಮಾಡಿದಾಗ ಮಾತ್ರ ಸರ್ ಎನ್ನುತ್ತಾರೆ. ಸಂಜೆ ಮನೆಗೆ ಬಂದು ಪುಸ್ತಕ ತೆರೆದರೆ ಅವ್ವ ನನ್ನನ್ನೇ ನೋಡುತ್ತ ಕೂರುತ್ತಾಳೆ. ಇಪ್ಪತ್ತು ವರ್ಷ ಗೆರೆ ಎಳೆದವನಿಗೆ ಗೆರೆ ಎಳೆಯುವುದನ್ನು ಮತ್ತೆ ಕಲಿಸುತ್ತಾರೆಂದರೆ ಹಿಂದಿನವೆಲ್ಲ ಸೊಟ್ಟಗಿದ್ದವೇನೋ ಎಂದು ಅವಳ ಅನುಮಾನ.

ಜಗದೇವಪ್ಪನವರಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಮೊದಲ ದಿನ ಪರದೆಯ ಮೇಲೆ ಒಂದು ಗೆರೆ ಎಳೆದು ಅವರು ಕೈ ಎತ್ತಿ ಸುಮ್ಮನೆ ಕೂತರು. ಮಮ್ತಾಜ ಮುಂದಿನ ಗೆರೆ ಎಳೆಯಿರಿ ಎಂದರು. ಇವರು, "ತಡೀರಿ ಮೇಡಮ್, ಹಸಿ ಅದ" ಎಂದರು. ತಮಾಷೆಗೆ ಅಂದದ್ದಲ್ಲ. ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿಯ ಗೆರೆ ಎಳೆದವರು ಅದು ಒಣಗುವ ತನಕ ಉಸಿರು ಸಹ ಹಗುರವಾಗಿ ಬಿಡುತ್ತೇವೆ. ಕೈ ಒರೆಸದಿರಲೆಂದು ಮೇಲಿನ ಎಡಮೂಲೆಯಿಂದ ಶುರುಮಾಡಿ ಕೆಳಗಿಳಿಯುತ್ತೇವೆ. ತಪ್ಪಾದರೆ ಅರ್ಧ ಬ್ಲೇಡಿನಿಂದ ಕೆರೆಯುತ್ತೇವೆ, ಕೆರೆದ ಜಾಗ ಯಾವತ್ತೂ ಒರಟಾಗಿಯೇ ಉಳಿಯುತ್ತದೆ, ಬೆರಳಾಡಿಸಿದರೆ ಯಾರು ಎಲ್ಲಿ ತಪ್ಪಿದರೆಂದು ತಿಳಿಯುತ್ತದೆ. ಈ ಯಂತ್ರದಲ್ಲಿ ಅದೊಂದೂ ಇಲ್ಲ. ನಾನೂ ಮೂರು ದಿನ ಎಡಮೂಲೆಯಿಂದಲೇ ಶುರುಮಾಡಿದೆ. ಎಲ್ಲಿಂದ ಬೇಕಾದರೂ ಮಾಡಬಹುದು ಎಂದು ಗೊತ್ತಾದ ಮೇಲೆ ಎಲ್ಲಿಂದ ಮಾಡಬೇಕೆಂದೇ ತಿಳಿಯಲಿಲ್ಲ.

ಆಜ್ಞೆಗಳು ಸಣ್ಣವು. ಒಂದೊಂದು ಅಕ್ಷರ ಒತ್ತಿದರೆ ಸಾಕು. ಗೆರೆಗೆ ಒಂದು, ವೃತ್ತಕ್ಕೆ ಒಂದು, ಹೆಚ್ಚಾದದ್ದನ್ನು ಕತ್ತರಿಸುವುದಕ್ಕೆ ಒಂದು. ಒತ್ತಿದ ಕೂಡಲೇ ಪರದೆಯ ಕೆಳಗಿನ ಸಾಲಿನಲ್ಲಿ ಒಂದು ಪ್ರಶ್ನೆ ಬರುತ್ತದೆ: ಎಲ್ಲಿಂದ? ಉತ್ತರ ಕೊಟ್ಟರೆ ಇನ್ನೊಂದು: ಎಲ್ಲಿಗೆ? ಕೊಡದಿದ್ದರೆ ಕಾಯುತ್ತದೆ. ನಾನು ಚಹಾ ಕುಡಿದು ಬಂದೆ, ಪ್ರಶ್ನೆ ಹಾಗೆಯೇ ಇತ್ತು, ಬೇಸರವಿಲ್ಲದೆ. ಮನುಷ್ಯರಲ್ಲಿ ಅಷ್ಟು ತಾಳ್ಮೆ ಕಂಡಿಲ್ಲ ನಾನು. ನನ್ನನ್ನು ಇದಕ್ಕಿಂತ ಬೆರಗುಗೊಳಿಸಿದ್ದು ಇನ್ನೊಂದು ವಿಷಯ. ಯಾವ ಸ್ಕೇಲಿಗೆ ಬರೆಯಬೇಕೆಂದು ಕೇಳಿದೆ. ಸ್ಕೇಲ್ ಇಲ್ಲ ಎಂದರು ಮಮ್ತಾಜ. ಕಾಲುವೆ ಎಂಟು ಕಿಲೋಮೀಟರ್ ಇದ್ದರೆ ಎಂಟು ಕಿಲೋಮೀಟರೇ ಬರೆಯಬೇಕಂತೆ. ಹಾಳೆಗೆ ಅಂಚಿಲ್ಲ, ನಾರಾಯಣಪುರದ ಡ್ಯಾಮಿನಿಂದ ಸುರಪುರದ ಗುಡ್ಡದ ತನಕ ಇದ್ದಷ್ಟೇ ದೊಡ್ಡದಾಗಿ ಬರೆಯಬಹುದು, ಮುದ್ರಿಸುವಾಗ ಮಾತ್ರ ಸಣ್ಣದು ಮಾಡಿಕೊಳ್ಳಬೇಕು. ಇಷ್ಟು ವರ್ಷ ನಾನು ಊರುಗಳನ್ನು ಅಂಗೈಯಷ್ಟು ಮಾಡಿ ಬರೆದವನು. ಆ ಮಾತು ಕೇಳಿದ ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡು ಕೈ ಹಾಕುವುದನ್ನೇ ಮರೆತೆ.

ಒಂದು ದಿನ ಜಗದೇವಪ್ಪನವರು ಅಳತೆಯಲ್ಲಿ ಎರಡು ಸೊನ್ನೆ ಹೆಚ್ಚಿಗೆ ಒತ್ತಿದರು. ಗೆರೆ ಎಲ್ಲೋ ಆಂಧ್ರ ದಾಟಿ ಹೋಯಿತು. ಎಲ್ಲವನ್ನೂ ಒಟ್ಟಿಗೆ ತೋರಿಸು ಎಂಬ ಆಜ್ಞೆ ಕೊಟ್ಟಾಗ ಆ ಗೆರೆಯ ತುದಿಯನ್ನೂ ಸೇರಿಸಿಕೊಳ್ಳಲು ಹೋಗಿ ಅವರು ವಾರವೆಲ್ಲ ಬರೆದ ಊರು ಒಂದು ಚುಕ್ಕೆಯಾಯಿತು. ಅವರು ಮುಖವನ್ನು ಪರದೆಗೆ ತಾಗಿಸಿ, ಊರು ಬಿಟ್ಟು ಹೋದ ಮೇಲೆ ಹಿಂಗೇ ಕಾಣತದ ಬಿಡ್ರಿ ಎಂದರು. ನಾವು ಮೂವರೂ ನಕ್ಕೆವು. ಮಮ್ತಾಜ ಆ ಗೆರೆ ಅಳಿಸಿದರು, ಊರು ವಾಪಸು ಬಂತು.

ಇನ್ನೊಂದು ಹೇಳಬೇಕು, ಅದು ನಿನ್ನಂಥ ಲೆಕ್ಕದ ಟೀಚರಿಗೆ ಸೇರುತ್ತದೆ. ನನ್ನ ಪೆನ್ನಿನ ಗೆರೆಯ ದಪ್ಪ ಮಿಲಿಮೀಟರಿನ ಮೂರನೆಯ ಒಂದು ಭಾಗ. ನಮ್ಮ ಗ್ರಾಮ ನಕ್ಷೆಯ ಸ್ಕೇಲಿನಲ್ಲಿ ಅದನ್ನು ನೆಲದ ಮೇಲೆ ಹಾಸಿದರೆ ಏಳೆಂಟು ಅಡಿ ಅಗಲವಾಗುತ್ತದೆ. ಅಂದರೆ ನಾನು ಎಳೆದ ಪ್ರತಿ ಗೆರೆಯೊಳಗೆ ಒಂದು ಬದು, ಒಂದು ಬಂಡಿದಾರಿ, ಅಣ್ಣತಮ್ಮಂದಿರ ಒಂದು ಜಗಳ ಆರಾಮವಾಗಿ ಹಿಡಿಸುತ್ತಿತ್ತು, ಯಾರಿಗೂ ಕಾಣದೆ. ಕಂಪ್ಯೂಟರಿನ ಗೆರೆಗೆ ದಪ್ಪವೇ ಇಲ್ಲ. ಎಷ್ಟು ದೊಡ್ಡದು ಮಾಡಿ ನೋಡಿದರೂ ಅದು ಕೂದಲಿನಷ್ಟೇ ಇರುತ್ತದೆ. ಈ ಕಡೆ ಒಬ್ಬರದು, ಆ ಕಡೆ ಇನ್ನೊಬ್ಬರದು, ನಡುವೆ ನಿಲ್ಲಲು ಜಾಗವಿಲ್ಲ.

ಸೋಮವಾರ ನನ್ನ ಪಾಲಿಗೆ ನಮ್ಮೂರಿನ ಹಾಳೆ ಬಂತು. ಹದಿನೇಳು ವರ್ಷದ ಹಿಂದೆ ನಾನೇ ಶಾಯಿಯಲ್ಲಿ ಬರೆದದ್ದು. ಅದರ ಚಿತ್ರವನ್ನು ಪರದೆಯಲ್ಲಿ ಹಾಸಿ, ಅದರ ಮೇಲೆ ಗೆರೆ ತಿದ್ದಿ, ಪ್ರತಿ ಹೊಲದೊಳಗೂ ಓರೆಗೆರೆ ತುಂಬಬೇಕು. ಯಾವ ಹೊಲ ಯಾವ ತೂಬಿನ ನೀರಿಗೆ, ಯಾರ ಹೆಸರಿಗೆ, ಎಷ್ಟು ಕ್ಷೇತ್ರ ಎಂಬುದು ಅದರಿಂದ ತಾನೇ ಬರುತ್ತದೆ. ನೀರಿನ ಪಾಳಿಯ ಹೊಸ ಪಟ್ಟಿ ಅದರ ಮೇಲೆಯೇ ಆಗುವುದು. ಹೊಲದ ನಡುವೆ ಒಂದು ಸಲ ಒತ್ತಿದರೆ ಓರೆಗೆರೆ ತುಂಬಿಕೊಳ್ಳುತ್ತದೆ, ಕಾಲುವೆಯಿಂದ ಮಡಿಗೆ ನೀರು ಹರಿದಂತೆ, ನೋಡಲು ಬಲು ಚೆಂದ. ನಾನು ಒಂದೊಂದೇ ತುಂಬುತ್ತ ನಮ್ಮ ಹೊಲಕ್ಕೆ ಬಂದೆ. ತುಂಬಲಿಲ್ಲ. ಮತ್ತೆ ಒತ್ತಿದೆ. ಇದಕ್ಕೆ ಎಲ್ಲೆ ಸಿಗುತ್ತಿಲ್ಲ ಎಂದು ಕೆಳಗಿನ ಸಾಲಿನಲ್ಲಿ ಬಂತು. ಮಮ್ತಾಜ ಹಿಂದಿನಿಂದಲೇ ನೋಡಿ, "ಎಲ್ಲೋ ಬಾಯಿ ಬಿಟ್ಟದ ಕಾಕಾ, ಹುಡುಕ್ರಿ" ಎಂದರು.

ಹುಡುಕುವ ಅಗತ್ಯ ನನಗಿರಲಿಲ್ಲ. ಬಡಗಣ ಬದುವಿನ ಬಾಂದ ಕಲ್ಲಿನಿಂದ ಹೊರಟ ಗೆರೆ ತೆಂಕಣಕ್ಕೆ ಕಾಲುವೆಯ ಕಡೆ ನೆಟ್ಟಗೆ ಬಂದು, ತೂಬಿನ ಹತ್ತಿರ ಒಂದು ಜೋಳದ ಕಾಳಿನಷ್ಟು ಜಾಗ ಬಿಟ್ಟು ನಿಂತಿದೆ. ಅದು ನಾನು ಬಿಟ್ಟ ಜಾಗ. ಅಳೆದೆ, ನೆಲದ ಮೇಲೆ ಮೂವತ್ತೊಂದು ಮೀಟರ್ ಎಂದಿತು ಯಂತ್ರ.

ನಿನ್ನ ಮದುವೆಯ ಮರುವರ್ಷ ಅಪ್ಪ ರಂಟೆ ಹೂಡಿ ಹೊಲದ ಮೂಡಣ ಮಗ್ಗುಲಿಗೆ ಒಂದೇ ಒಂದು ಸಾಲು ಹೊಡೆದು, ಈಚೆಯದು ದೇವಕಮ್ಮನ ಅರಿಷಿಣ ಕುಂಕುಮಕ್ಕೆ ಎಂದದ್ದು ನಿನಗೆ ನೆನಪಿರುತ್ತದೆ. ಒಂದು ಎಕರೆ, ಬರೀ ಗರಸು ನೆಲ, ಬಿತ್ತಿದ್ದು ಅರ್ಧ ಹುಟ್ಟುತ್ತಿರಲಿಲ್ಲ. ಆಗ ಯಾರೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಕಾಗದ ಪತ್ರ ಯಾವುದೂ ಆಗಲಿಲ್ಲ. ಆಮೇಲೆ ಕಾಲುವೆ ಬಂತು. ತೂಬು ಎಲ್ಲಿ ಕೂರಬೇಕೆಂದು ನೆಲದ ಇಳಿಜಾರು ನೋಡಿ ನಿರ್ಧರಿಸುತ್ತಾರೆ, ಅದು ಸರಿಯಾಗಿ ಆ ಸಾಲಿನ ಬಾಯಿಗೆ ಕೂತಿತು. ಸಾಲು ಅಷ್ಟರಲ್ಲಿ ಮಳೆಗೆ ಕೂಡಿಹೋಗಿತ್ತು. ತೂಬು ಯಾರ ಪಾಲಿಗೆ ಬರುತ್ತದೋ ಅವರಿಗೆ ಮೊದಲ ನೀರು. ಗರಸು ನೆಲವೂ ಭತ್ತದ ಗದ್ದೆಯಾಗುತ್ತದೆ. ಮೋಜಣಿದಾರರು ಪೆನ್ಸಿಲಿನಲ್ಲಿ ಆ ಮಗ್ಗುಲಿಗೆ ನಿನ್ನ ಹೆಸರು ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದರು. ಅಪ್ಪನನ್ನು ಕೇಳಿದೆ. "ಆಕಿ ಬಂದು ನಿಂತು ತೋರಿಸ್ಲಿ, ಆಮ್ಯಾಲ ಎಳಿ" ಎಂದ. ನಾನು ಶಾಯಿಯ ಗೆರೆಯನ್ನು ಅಲ್ಲಿಗೆ ನಿಲ್ಲಿಸಿದೆ. ಆ ಕಾಲದಲ್ಲಿ ಹೊಲಗಳಿಗೆ ಬಣ್ಣದ ಪೆನ್ಸಿಲ್ ತಿಕ್ಕುತ್ತಿದ್ದರು. ಕಾಳಿನಷ್ಟು ಬಾಯಿ ಯಾರ ಕಣ್ಣಿಗೂ ಬೀಳಲಿಲ್ಲ. ಇಡೀ ಹೊಲ ಅಪ್ಪನ ಹೆಸರಿನಲ್ಲೇ ಪಟ್ಟಿಗೆ ಹೋಯಿತು. ನಿನಗಾಗಿ ಗೆರೆ ಕಾದಿಟ್ಟಿದ್ದೇನೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಈ ವಾರ ಪರದೆಯ ಮುಂದೆ ಕೂತಾಗ ಹೊಳೆಯಿತು: ಆ ಗೆರೆ ಮುಗಿಯದಿರಲಿ ಎಂದೇ ನಾನು ಅದನ್ನು ಅಲ್ಲಿ ಬಿಟ್ಟಿದ್ದು. ನಿನಗೆ ಬಾ, ಬಂದು ತೋರಿಸು ಎಂದು ನಾನು ಒಂದು ಸಾಲೂ ಬರೆದಿರಲಿಲ್ಲವಲ್ಲ.

ಬರೆಯಲಿಲ್ಲ, ಆದರೆ ತೊಂಬತ್ತರ ಪಂಚಮಿಗೆ ನೀನು ತವರಿಗೆ ಬಂದಾಗ ಶೇಂಗಾ ಉಂಡಿಯ ತಾಟಿನ ಪಕ್ಕದಲ್ಲಿ ಆ ಎಕರೆಯ ಹಕ್ಕು ಬಿಟ್ಟ ಪತ್ರ ಇಟ್ಟೆ. ಪೆನ್ನಿನ ಮುಚ್ಚಳ ಸಹ ತೆಗೆದಿಟ್ಟಿದ್ದೆ. ಅವ್ವ ಒಲೆಯ ಮುಂದಿದ್ದಳು, ಅಪ್ಪ ಹೊಲದಲ್ಲಿದ್ದ. ನೀನು ಪೂರ್ತಿ ಓದಿದೆ, ಮಕ್ಕಳ ಉತ್ತರಪತ್ರಿಕೆ ಓದುವ ಹಾಗೆ. "ಅಪ್ಪಗ ಗೊತ್ತೈತೇನು?" ಎಂದಷ್ಟೇ ಕೇಳಿದೆ. ನಾನು ಹೂಂ ಎಂದೆ. ನೀನು ರುಜು ಮಾಡಲಿಲ್ಲ, ಉಂಡಿಯನ್ನೂ ಮುಟ್ಟಲಿಲ್ಲ, ನಾಲ್ಕು ಗಂಟೆಯ ಬಸ್ಸಿಗೆ ಹೋದೆ. ಆಮೇಲೆ ಬಂದದ್ದು ಐದು ವರ್ಷ ಬಿಟ್ಟು, ಅಪ್ಪ ತೀರಿದಾಗ, ಮಣ್ಣಿಗೆ.

ಈಗ ಯಂತ್ರದ ಮಾತಿಗೇ ಬರುತ್ತೇನೆ, ಅದು ನನಗೆ ಸುಲಭ. ಗೆರೆಯನ್ನು ಬೆಳೆಸುವ ಆಜ್ಞೆ ಒಂದಿದೆ. ಮೊದಲು ಎಲ್ಲಿಯ ತನಕ ಎಂದು ಕೇಳುತ್ತದೆ. ಕಾಲುವೆಯ ಅಂಚನ್ನು ತೋರಿಸಬೇಕು. ಆಮೇಲೆ ಯಾವುದನ್ನು ಎಂದು ಕೇಳುತ್ತದೆ. ನಿಂತ ಗೆರೆಯನ್ನು ಮುಟ್ಟಬೇಕು. ಮುಟ್ಟಿದರೆ ಅದು ಬಂದ ದಾರಿಯಲ್ಲೇ ಮುಂದುವರಿದು ಹೋಗಿ ಸೇರುತ್ತದೆ, ಆಚೆ ಈಚೆ ವಾಲುವುದಿಲ್ಲ. ನಾನು ತಕ್ಷಣ ಅದನ್ನು ಮಾಡಲಿಲ್ಲ. ಕುತೂಹಲಕ್ಕೆ ಎಂದುಕೊಂಡು ಮೊದಲು ಬೇರೆ ರೀತಿ ಮಾಡಿ ನೋಡಿದೆ. ಕೈಯಿಂದ ಒಂದು ಬಿಂದು ಹೆಚ್ಚಿಗೆ ಕೊಟ್ಟು ಗೆರೆಯನ್ನು ಮೂಡಣಕ್ಕೆ ಸ್ವಲ್ಪ ಬಾಗಿಸಿದೆ. ತೂಬು ನನ್ನ ಕಡೆ ಬಂತು. ಓರೆಗೆರೆ ಚೆನ್ನಾಗಿ ತುಂಬಿತು, ಯಾವ ತಕರಾರೂ ಬರಲಿಲ್ಲ. ಅಳಿಸಿ, ಬೆಳೆಸುವ ಆಜ್ಞೆ ಕೊಟ್ಟೆ. ತೂಬು ನಿನ್ನ ಕಡೆ ಹೋಯಿತು. ಆಗಲೂ ಅಷ್ಟೇ ಚೆನ್ನಾಗಿ ತುಂಬಿತು. ಎರಡರಲ್ಲಿ ಯಾವುದು ನಿಜವೆಂದು ಯಂತ್ರಕ್ಕೆ ಗೊತ್ತಿಲ್ಲ, ಗೊತ್ತಿರುವುದು ಆ ಕೋಣೆಯಲ್ಲಿ ನನಗೊಬ್ಬನಿಗೆ. ಅಪ್ಪನ ಎತ್ತುಗಳು ಸಾಲಿನಲ್ಲಿ ಬಾಗಿದ್ದನ್ನು ನಾನು ಎಂದೂ ನೋಡಿಲ್ಲ, ನೀನೂ ನೋಡಿರಲಿಕ್ಕಿಲ್ಲ. ಬಾಗಿಸಿದ್ದು ಅಳಿಸಿದ ಜಾಗದಲ್ಲಿ ಬೆರಳಾಡಿಸಿದೆ. ಗಾಜು ನುಣ್ಣಗಿತ್ತು. ಮಮ್ತಾಜ ಬಂದು, ಇಷ್ಟು ಸಣ್ಣದಕ್ಕೆ ಇಡೀ ದಿನ ಹಿಡಿಯಿತಾ ಸರ್ ಎಂದರು.

ಉಳಿದಂತೆ ಇಲ್ಲಿ ವಿಶೇಷವಿಲ್ಲ. ಕಾಲುವೆಯಲ್ಲಿ ನೀರಿದೆ, ಭತ್ತದ ಕೊಯ್ಲು ಮುಗಿಯುತ್ತ ಬಂದಿದೆ, ಶಹಾಪುರದ ರಸ್ತೆಯ ತುಂಬ ಹತ್ತಿಯ ಲಾರಿಗಳು. ಮಾವನವರಿಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳಿಗೆ ನನ್ನದೂ ಲಾಲಮ್ಮನದೂ ಆಶೀರ್ವಾದ. ಯಾದಗಿರಿಯ ಕಡೆ ಹೋಗುವ ಬಸ್ಸಿನ ಸದ್ದು ಕೇಳಿದರೆ ಅವ್ವ ಈಗಲೂ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಹೋಗುವ ಬಸ್ಸಿನಲ್ಲಿ ಯಾರೂ ಬರುವುದಿಲ್ಲ ಎಂದು ಹೇಳಿ ಸಾಕಾಗಿದೆ. ದೊಡ್ಡವಳು ನೀನು, ಓದಿ ಏನಾದರೂ ಅನ್ನಬೇಕೆನಿಸಿದರೆ ಅಂದುಬಿಡು.

ನಿನ್ನ ಪಾದಕ್ಕೆರಗುವ ತಮ್ಮ,
ಅಂಬ್ರಪ್ಪ

ಮರೆತಿದ್ದು: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗೆರೆ ನೆಟ್ಟಗೇ ಇಟ್ಟಿದ್ದೇನೆ. ಮೂಡಣ ಮಗ್ಗುಲು ಒಂದು ಎಕರೆ, ತೂಬು ಸಮೇತ, ದೇವಕಮ್ಮ ಎಂದು ಪಟ್ಟಿಗೆ ಹೋಗಿದೆ. ಜನವರಿ ಮೂರರಂದು ಊರ ಚಾವಡಿಯಲ್ಲಿ ಪಟ್ಟಿ ಓದುತ್ತಾರೆ, ತಕರಾರು ಎತ್ತುವ ಹಕ್ಕಿರುವುದು ನನಗೊಬ್ಬನಿಗೆ, ಎತ್ತುವುದಿಲ್ಲ. ನಿನ್ನ ರುಜು ಬೇಕು, ಬರಬೇಕಾಗುತ್ತದೆ. ಇನ್ನೊಂದು. ಆ ಪಂಚಮಿಯ ದಿನ ನಾನು ಹೂಂ ಅಂದದ್ದು ಸುಳ್ಳು. ಅಪ್ಪನಿಗೆ ಗೊತ್ತಿರಲಿಲ್ಲ. ಆಮೇಲೆ ಐದು ವರ್ಷ ಪ್ರತಿ ಪಂಚಮಿಗೂ, ನೀನು ಯಾಕೆ ಬರಲಿಲ್ಲ ಎಂದು ಅಪ್ಪ ನನ್ನನ್ನೇ ಕೇಳುತ್ತಿದ್ದ.