ಗಂಡನ ಹೆಸರು ಹೇಳದವಳು ಮೂಗಿಯೇನು, ಸಾಹೇಬರೇ?

ಸಾಲಿ-ಕಾಲೇಜು ನೋಡಿಕೊಳ್ಳುವ ತಾಲೀಮು ಇಲಾಖೆಯ ದೊಡ್ಡ ಸಾಹೇಬರೇ,

ನಮ್ಮ ಅಕ್ಕ ಪಂಪಾವತಿಗೆ ಮಾತೇ ಬರುವುದಿಲ್ಲ ಎಂದು ತೀರ್ಪು ಕೊಟ್ಟು, ಅವಳ ಮಾತು ತಿದ್ದುತ್ತಿದ್ದ ವಿದ್ಯಾರ್ಥಿಯನ್ನು ಹೈದರಾಬಾದಿಗೆ ಓಡಿಸಿದಿರಿ. ತೀರ್ಪು ತಪ್ಪು. ನಾನು ಮೂರನೇ ಜಮಾತಿಗೇ ಸಾಲಿ ಬಿಟ್ಟವನು. ನನಗೆ ತಿಳಿದದ್ದು ನಿಮಗೆ ತಿಳಿಯಲಿಲ್ಲ ಎಂದರೆ, ಬಿಟ್ಟದ್ದಕ್ಕೆ ಇನ್ನು ನನಗೆ ಬೇಸರವಿಲ್ಲ.

ಅಕ್ಕ ಸಣ್ಣವಳಿದ್ದಾಗಿನಿಂದ ಉಗ್ಗುತ್ತಾಳೆ. ನಾಲಿಗೆಗೆ ಬಜೆ ತೇಯ್ದು ಸವರಿದರು, ಹುಲಿಗೆಮ್ಮನಿಗೆ ಹರಕೆ ಹೊತ್ತರು. ಉಗ್ಗು ಜಪ್ಪಯ್ಯ ಎನ್ನಲಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಮೇಲೆ ಅವಳಿಗೆ ಒಂದೇ ಹೆದರಿಕೆ: ‘ನನ್ನ ಮಾತು ಕೇಳಿ ಕೂಸೂ ಹಿಂಗ ಉಗ್ಗಿದ್ರ?’ ಅದಕ್ಕೇ ಕೂಸಿನೆದುರು ಬಾಯಿ ತೆರೆಯುತ್ತಿರಲಿಲ್ಲ.

ಆಗ ಬಂದವನು ಫಕ್ರುದ್ದೀನ. ಕುಷ್ಟಗಿಯ ಹುಡುಗ, ಹೈದರಾಬಾದಿನ ಕಾಲೇಜಿನಲ್ಲಿ ಓದುವವನು. ಉಗ್ಗುವವರ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ನಿಮ್ಮದೇ ಪರವಾನಗಿ ಹಿಡಿದು ಬಂದಿದ್ದ. ನಾವು ನಕ್ಕೆವು. ಅವನು ಅಡುಗೆಮನೆಯ ಹೊಸ್ತಿಲಾಚೆ ಕುಳಿತು, ಅಕ್ಕ ರೊಟ್ಟಿ ಬಡಿಯುವುದನ್ನೇ ಕೇಳಿ, ‘ಅಕ್ಕಾರ, ಒಂದ್ ಬಡಿತಕ್ಕ ಒಂದ ಮಾತು. ಅವಸರ ಮಾಡಬ್ಯಾಡ್ರಿ, ರೊಟ್ಟಿ ಎಲ್ಲೂ ಓಡಿ ಹೋಗೂದಿಲ್ಲ’ ಎಂದ.

‘ಅಕಿಗೆ ಮಾತು ಬರೂತನಕ ನಾವೆಷ್ಟು ರೊಟ್ಟಿ ತಿನ್ನಬೇಕಪಾ?’ ಎಂದಳು ಅವ್ವ.

ತಿಂದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕ ಒಂದೇ ಉಸಿರಿನಲ್ಲಿ ನನ್ನನ್ನು ಬೈದಳು: ‘ಮೈಗಳ್ಳ, ಕೊಡಾ ತುಂಬಿಸಂದ್ರ ಕಟ್ಟಿ ಮ್ಯಾಲ ಕುಂತೀಯಲ್ಲೋ!’ ಅಷ್ಟು ಛಂದದ ಬೈಗುಳ ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಆಮೇಲೆ ಪರೀಕ್ಷೆ ಮಾಡಲು ತಾವು ದಯಮಾಡಿಸಿದಿರಿ. ಖುರ್ಚಿ ಹಾಕಿದೆವು, ಬೆಲ್ಲದ ಚಹಾ ಕೊಟ್ಟೆವು. ಕೇಳಿದ್ದೇನು? ‘ಗಂಡನ ಹೆಸರು ಹೇಳು.’ ಅಕ್ಕ ಸೆರಗು ಎಳೆದು ತಲೆ ತಗ್ಗಿಸಿದಳು. ‘ಮಾವನ ಹೆಸರು?’ ತಲೆ ಇನ್ನೂ ಕೆಳಗೆ. ‘ಗಂಡನ ಅಣ್ಣನ ಹೆಸರು?’ ನಮ್ಮ ಕಡೆ ಸೊಸೆಯಾದವಳು ನಾಲಿಗೆಯ ಮೇಲೆ ತರಬಾರದ ಮೂರು ಹೆಸರನ್ನೇ ಹುಡುಕಿ ಹುಡುಕಿ ಕೇಳಿದಿರಲ್ಲ, ಎಂಥ ಗುರಿ!

‘ಹೆಂಗ ಹೇಳ್ತಾಳ್ರಿ ಸಾಹೇಬ್ರ? ನಾನ ಇನ್ನೂ ನಮ್ಮನಿಯವರ ಹೆಸರ ಹೇಳಿಲ್ಲ!’ ಎಂದು ಅವ್ವ ಕೂಗಿದಳು. ಬಿಡಿಸಿ ಹೇಳಲು ಫಕ್ರುದ್ದೀನ ಬಾಯಿ ತೆರೆದ. ‘ಚುಪ್’ ಎಂದಿರಿ; ಇವಳಿಗೆ ಮಾತು ಬರುವುದಿಲ್ಲ, ಹುಡುಗನ ಸಂಶೋಧನೆ ಸುಳ್ಳು ಎಂದು ಷರಾ ಬರೆದು ಹೋದಿರಿ. ಅಕ್ಕನ ಗಂಡನ ಹೆಸರು ಕರಿಬಸಪ್ಪ. ನನ್ನನ್ನು ಕೇಳಿದ್ದರೆ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಸಿಟ್ಟಾದರೂ ಅಡ್ಡಿಯಿಲ್ಲ, ನಾನಾಗಲೇ ಆಗಿದ್ದೇನೆ. ನಿಮ್ಮ ಬೇಗಂ ಸಾಹೇಬರು ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆಯೇ? ಇಲ್ಲವಾದರೆ ಅವರಿಗೂ ಮಾತು ಬರುವುದಿಲ್ಲವೆಂದು ಷರಾ ಬರೆದಿದ್ದೀರಾ? ಹುಡುಗನ ಸಂಶೋಧನೆ ಸುಳ್ಳೋ, ನಿಮ್ಮ ಪ್ರಶ್ನೆ ಸುಳ್ಳೋ?

ಫಕ್ರುದ್ದೀನ ಹೋದ ಮೇಲೆ ಅಕ್ಕ ಮತ್ತೆ ಬಾಯಿ ಮುಚ್ಚಿದ್ದಾಳೆ. ‘ಸರಕಾರದವ್ರೇ ನನಗ ಮಾತು ಬರಂಗಿಲ್ಲ ಅಂದಮ್ಯಾಲ ನಂದೇನೈತೋ ತಮ್ಮಾ’ ಎಂದಳು. ಅಷ್ಟು ಹೇಳುವುದರಲ್ಲಿ ಅವಳ ಕಣ್ಣಲ್ಲಿ ನೀರು ಬಂದಿತ್ತು.

ಅಪ್ಪಣೆ ವಾಪಸ್ ತೆಗೆದುಕೊಳ್ಳಿ. ಹುಡುಗನನ್ನು ಕಳಿಸಿ. ಅವನ ಕೆಲಸ ಮುಗಿದ ಮೇಲೆ ತಾವೂ ಬಂದು, ನಮ್ಮ ಮಂದಿಯನ್ನು ಕೇಳಿಕೊಂಡು ಪ್ರಶ್ನೆ ಹಾಕಿ. ಆದರೆ ಬೇಗ ಆಗಬೇಕು. ನಿನ್ನೆ ಕೂಸು ಅಕ್ಕನ ಗಲ್ಲ ಹಿಡಿದು ‘ಅವ್ವಾ’ ಎಂದಿತು. ಅಕ್ಕ ಓಗೊಡಲಿಲ್ಲ. ಅದು ಮತ್ತೆ ಕರೆಯಿತು. ಇಲಾಖೆಯ ಜವಾಬು ತಡವಾಗುವುದು ನಮಗೆ ರೂಢಿಯಿದೆ, ಕೂಸಿಗೆ ಇಲ್ಲ.

ಇಂತಿ,
ಸುಮ್ಮನಿರಲು ಬಾರದ
ಅಂದಪ್ಪ
ಯಲಬುರ್ಗಾ, ೧೯೪೪