ತಿಕ್ಕಿದ ಗೂಬೆ ನಾಣ್ಯ

ರೀ,

ಎರಡು ಗಂಟೆ ಪಾಳಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೀನಿ, ಮೊದಲು ಊಟ ಮಾಡಿ, ಆಮೇಲೆ ಮುಂದೆ ಓದಿ. ಓದಿದ ಮೇಲೆ ತುತ್ತು ಇಳಿಯಲ್ಲ.

ನಿಮ್ಮ ಗೂಬೆ ಚಿತ್ರದ ಬೆಳ್ಳಿ ನಾಣ್ಯ, ಐನೂರೇ ಅಚ್ಚು ಹಾಕಿದ್ದು ಅಂತ ಎರಡು ವರ್ಷ ಹುಡುಕಿ ತಂದ್ರಲ್ಲ, ಅದನ್ನ ಮಾವ ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದು ಹಲ್ಲುಪುಡಿ ಹಾಕಿ ತಿಕ್ಕಿಬಿಟ್ಟಿದ್ದಾರೆ. ಬಿಳಿ ಕಲೆ ನೋಡಿ, ಅಂಗಡಿಯವನು ಮಗನಿಗೆ ಟೋಪಿ ಹಾಕಿದ್ದಾನೆ ಅಂದ್ಕೊಂಡ್ರಂತೆ. ಈಗ ಕನ್ನಡಿ ಥರ ಹೊಳೀತಿದೆ. ತಿಕ್ಕಿದ್ರೆ ನಾಣ್ಯದ ಬೆಲೆ ಹೋಗುತ್ತೆ, ಸಂಗ್ರಹಿಸೋರು ಯಾರೂ ಮುಟ್ಟಲ್ಲ ಅಂತ ನೀವು ನನಗೆ ನೂರು ಸಲ ಹೇಳಿದ್ದೀರಿ. ಅವರಿಗೆ ಒಂದು ಸಲವಾದ್ರೂ ಹೇಳಿದ್ರಾ?

ಉಳಿದ ನಾಣ್ಯಗಳನ್ನ ಹೊಲಿಗೆ ಮೆಷಿನ್ ಡ್ರಾಯರಿಗೆ ಹಾಕಿ ಬೀಗ ಹಾಕಿದ್ದೀನಿ. ಅವುಗಳ ಮೇಲೂ ಅವರಿಗೆ ಕಣ್ಣಿದೆ.

ಕೂಗಾಡಬೇಡಿ. ಎಂಟು ಗಂಟೆ ಹೊತ್ತು ನಿಂತು ಕೆಲಸ ಮಾಡಿ ಬಂದು ಇಬ್ಬರ ಊದಿದ ಮುಖ ನೋಡೋ ಶಕ್ತಿ ನನಗಿಲ್ಲ. ನಿಮ್ಮ ಊಟ ಆದ ತಕ್ಷಣ ತೋರಿಸಬೇಕು ಅಂತ ಮಾವ ಅಂಗೈಯಲ್ಲೇ ಹಿಡ್ಕೊಂಡು ಕೂತಿದ್ದಾರೆ. ಚೆನ್ನಾಗಿದೆ ಅನ್ನಿ, ಅಷ್ಟೇ.

ಇನ್ನೊಂದು ಮಾತು, ಮುಚ್ಚಿಡೋಕೆ ಮನಸ್ಸಿಲ್ಲ. ನಾನು ಬಟ್ಟೆ ಒಣಹಾಕಿ ಒಳಗೆ ಬಂದಾಗ ಒಂದು ಮಗ್ಗುಲು ಮಾತ್ರ ತಿಕ್ಕಿ ಆಗಿತ್ತು. ಗೂಬೆ ಇರೋ ಮಗ್ಗುಲು ಇನ್ನೂ ಹಾಗೇ ಇತ್ತು. ನಲವತ್ತು ವರ್ಷ ಪಾತ್ರೆಗೆ ಪಾಲಿಶ್ ಹಾಕಿದ ಮಾವನ ಕೈ ಅದು, ಈಗ ಲೋಟ ಹಿಡಿದ್ರೂ ನೀರು ಚೆಲ್ಲುತ್ತೆ. ತಿಕ್ಕುವಾಗ ಒಂಚೂರೂ ನಡುಗ್ತಿರಲಿಲ್ಲ. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ, ಬಾಗಿಲಲ್ಲೇ ನಿಂತು ನೋಡಿದೆ.

ಆ ಗೂಬೆ ಮಗ್ಗುಲಿಗೆ ನನ್ನನ್ನ ಬೈಯಿರಿ.