ಹೊರಗೆ ಕೂತವರ ಸೀಸೆಗಳು

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ನಾನು ಮೈಸೂರಿನಿಂದ ಬರೆದ ಕಾಗದವನ್ನು ನೀನು ಅಂಗಡಿಯವನ ಹತ್ತಿರ ಓದಿಸಿಕೊಳ್ಳುತ್ತಿದ್ದೆ, ನಿನಗಿಂತ ಮೊದಲು ಊರಿಗೆ ಗೊತ್ತಾಗಿರುತ್ತಿತ್ತು. ಅದಕ್ಕೇ ಈ ವಿಷಯ ನೀನಿದ್ದಾಗ ಬರೆಯಲಿಲ್ಲ ಎಂದರೆ ಅದೂ ಸುಳ್ಳೇ. ಧೈರ್ಯ ಇರಲಿಲ್ಲ. ಈಗ ನೀನು ಸತ್ತು ಹನ್ನೊಂದು ತಿಂಗಳಾಯಿತು. ಇನ್ನು ನೀನು ಯಾರ ಹತ್ತಿರವೂ ಓದಿಸಿಕೊಳ್ಳಲಾರೆ, ಯಾರಿಗೂ ಹೇಳಲಾರೆ. ನನಗೀಗ ಬೇಕಾಗಿರುವುದು ಅಂಥವಳೇ.

ಜೀಪು ಮೊದಲ ಸಲ ನಮ್ಮೂರಿಗೆ ಬಂದ ಗುರುವಾರ ನೆನಪಿದೆಯಾ? ಹುಣಸೂರು ದಾಟಿ ಪಿರಿಯಾಪಟ್ಟಣದ ದಾರಿಯಲ್ಲಿ ಬಂದು, ಕೆಸರಿನಲ್ಲಿ ಹೂತುಕೊಂಡಾಗ, ನೀವೆಲ್ಲ ಹೊಗೆಸೊಪ್ಪು ಮುರಿಯುವುದನ್ನು ಬಿಟ್ಟು ತಳ್ಳಲು ಬಂದಿರಿ. ಒಳಗೆ ನಾನು ಕೆಲಸಕ್ಕಿದ್ದ ಪ್ರಯೋಗಾಲಯದ ಪ್ರೊಫೆಸರು ಕೂತೇ ಇದ್ದರು. ನಾನು ಇಳಿದೆ. ನೀನು ನನ್ನನ್ನು ಮುಟ್ಟಲು ಬಂದವಳು ಕೈ ಹಿಂದಕ್ಕೆಳೆದುಕೊಂಡೆ. ಹೊಗೆಸೊಪ್ಪಿನ ಅಂಟು ಮೆತ್ತಿ ನಿನ್ನ ಕೈ ಮೊಳಕೈವರೆಗೂ ಕಪ್ಪಾಗಿತ್ತು, ನನ್ನ ಸೀರೆ ಬಿಳಿ. "ಬ್ಯಾಡ ಕಣವ್ವ, ಅತ್ಕತದೆ" ಅಂದೆ ನೀನು. ನನಗೆ ಸಮಾಧಾನವೇ ಆಯಿತು. ನೀನು ಅಪ್ಪಿಕೊಳ್ಳಲಿಲ್ಲವಲ್ಲ ಎಂಬ ಸಮಾಧಾನ.

ಪ್ರೊಫೆಸರು ಬಂದಿದ್ದು ನಿಮ್ಮ ವಾಂತಿಯನ್ನು ಹುಡುಕಿಕೊಂಡು. ಮಳೆಯಲ್ಲಿ ನೆಂದ ಹಸಿ ಸೊಪ್ಪನ್ನು ಕಂಕುಳಲ್ಲಿ ಅವುಚಿಕೊಂಡು ದಿನವೆಲ್ಲ ಮುರಿದವರಿಗೆ ಸಂಜೆಗೆ ತಲೆ ತಿರುಗುತ್ತದೆ, ಹೊಟ್ಟೆ ತೊಳಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನೀವು ಅದನ್ನು ಸೊಪ್ಪು ಸೊಕ್ಕಿತು ಅಂತಿದ್ದಿರಿ, ಹುಣಸೆ ನೀರು ಕುಡಿದು ಮಲಗುತ್ತಿದ್ದಿರಿ. ಸೊಪ್ಪಿನೊಳಗಿನ ವಿಷ ಚರ್ಮದಿಂದಲೇ ಮೈಗೆ ಇಳಿಯುತ್ತದೆ ಎಂದು ಅವರ ಊಹೆ. ಮುರಿಯುವ ಹೆಂಗಸರ ಮೂತ್ರದಲ್ಲಿ ಅದು ಸಿಕ್ಕಬೇಕು, ಸೊಪ್ಪು ಮುಟ್ಟದ ಹೆಂಗಸರಲ್ಲಿ ಸಿಕ್ಕಬಾರದು. ಹಾಗೆ ತೋರಿಸಿಬಿಟ್ಟರೆ, ನೀರಾರಿದ ಮೇಲೇ ಮುರಿಸಿ, ಮೈಗೆ ಹೊದಿಕೆ ಕೊಡಿ ಎಂದು ಹೊಲದ ಯಜಮಾನರಿಗೆಲ್ಲ ಬರೆಯಬಹುದು ಅಂದರು. ಆದರೆ ಸುಗ್ಗಿಯಲ್ಲಿ ಸೊಪ್ಪು ಮುಟ್ಟದ ಹೆಂಗಸು ನಮ್ಮೂರಲ್ಲಿ ಎಲ್ಲಿದ್ದಳು?

ಆಗ ನಾನು ಬಾಯಿ ಬಿಟ್ಟೆ. "ಸಾರ್, ಹೊರಗಾದವರು ಮೂರು ದಿನ ಸೊಪ್ಪು ಮುಟ್ಟೋ ಹಾಗಿಲ್ಲ. ಮುಟ್ಟಿದರೆ ಸೊಪ್ಪು ಒಣಗಿಸೋ ಬ್ಯಾರನ್‌ನಲ್ಲಿ ಬೇಯುವಾಗ ಎಲೆ ಬಣ್ಣ ಕೆಡುತ್ತೆ ಅಂತ ಯಜಮಾನರು ಹೊಲದ ಹತ್ತಿರಕ್ಕೂ ಬಿಡಲ್ಲ." ಪ್ರೊಫೆಸರು ಕನ್ನಡಕ ತೆಗೆದು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಜಯಮ್ಮ, ಇದು ಯಾವ ಪುಸ್ತಕದಲ್ಲೂ ಇಲ್ಲ ಕಣಮ್ಮ! ಮೂರನೇ ದಿನಕ್ಕೆ ಮೈಯೊಳಗಿನ ವಿಷ ಇಳಿದಿರುತ್ತೆ; ಅಂಥವರು ಹನ್ನೆರಡು ಜನರನ್ನು ಕೂಡಿಸಿಕೊಡು, ಲೇಖನದಲ್ಲಿ ನಿನ್ನ ಹೆಸರೂ ಹಾಕ್ತೀನಿ." ಅಂದು ಮಧ್ಯಾಹ್ನ ನಿನಗೆ ಹೇಳಿದೆ. ನೀನು ಮುದ್ದೆ ಮುರಿಯುತ್ತಿದ್ದವಳು ನಿಲ್ಲಿಸಿ, "ಅಚ್ಚಾಯ್ತದಾ ಮಗ, ನಿನ್ನೆಸ್ರು? ಪುಸ್ತಕದೊಳ್ಗೆ?" ಅಂತ ಎರಡು ಸಲ ಕೇಳಿದೆ. ನಿನ್ನ ಹೆಸರು ಎಲ್ಲಿಯೂ, ಒಂದು ಚೀಟಿಯಲ್ಲೂ ಇರಲಿಲ್ಲ ಅಲ್ಲವೇ.

ಎಂಟು ವಾರ ಬಂದೆ. ಹೊರಗೆ ಕೂತವರ ಮೂತ್ರದ ಹನ್ನೊಂದು ಸೀಸೆ ತುಂಬಿದವು. ಕೊನೆಯ ಗುರುವಾರ ಒಂದು ಖಾಲಿ ಸೀಸೆ ಹಿಡಿದು ಮನೆಗೆ ಬಂದರೆ ನೀನು ಹಿತ್ತಲ ಜಗಲಿಯ ಮೇಲೆ ಗೋಣಿ ಹಾಸಿಕೊಂಡು ಕೂತಿದ್ದೆ. ಮುಖ ಬೂದಿ ಬಣ್ಣ. "ಒರಗಾದೆ ಕಣವ್ವ" ಅಂದೆ, ನನ್ನ ಮುಖ ನೋಡದೆ. ಅವ್ವಾ, ನಾನು ಹೈಸ್ಕೂಲಿನಲ್ಲಿದ್ದಾಗಲೇ ನಿನಗೆ ಮುಟ್ಟು ನಿಂತುಹೋಗಿತ್ತು. ನಿನ್ನ ಬಟ್ಟೆ ಒಗೆದವಳು ನಾನು, ನನಗೆ ಗೊತ್ತಿಲ್ಲವೇ? ಹಿಂದಿನ ದಿನ ನೀನು ಹೊಲದಲ್ಲಿ ವಾಂತಿ ಮಾಡಿಕೊಂಡು ಬಿದ್ದಿದ್ದೆ. ಏಳಲಾರದೆ, ಯಜಮಾನರ ಹೆಂಡತಿಗೆ ಆ ಸುಳ್ಳು ಹೇಳಿ ಬಂದು ಕೂತಿದ್ದೆ. ವಾಂತಿಗೆ ರಜೆ ಇರಲಿಲ್ಲ, ಮುಟ್ಟಿಗೆ ಇತ್ತು.

ನಾನು ಏನು ಮಾಡಿದೆ? ಹುಣಸೆ ನೀರು ಕೊಟ್ಟೆನಾ? ಸೀಸೆ ಕೊಟ್ಟೆ. ನೀನು ಗೋಡೆ ಹಿಡಿದುಕೊಂಡು ಹೋಗಿ ತುಂಬಿಸಿಕೊಂಡು ಬಂದೆ. ಚೀಟಿಯಲ್ಲಿ ಹನ್ನೆರಡು ಎಂದು ಬರೆದೆ, ಮೂರನೇ ದಿನ ಎಂದು ಬರೆದೆ, ಸೊಪ್ಪು ಮುಟ್ಟಿಲ್ಲ ಎಂದು ಬರೆದೆ. ಹನ್ನೆರಡರಲ್ಲಿ ಒಂದು ಕೆಟ್ಟರೆ ಏನು ಮಹಾ ಎಂದುಕೊಂಡೆ. ಜೀಪು ಹಾರ್ನ್ ಮಾಡುತ್ತಿತ್ತು. "ಸರಿಯಾಗ್ ತುಂಬಿವ್ನಾ ನೋಡು" ಅಂದೆ ನೀನು, ಪರೀಕ್ಷೆ ಬರೆದ ಮಗುವಿನ ಹಾಗೆ.

ಮೈಸೂರಿನಲ್ಲಿ ಪರೀಕ್ಷೆಯ ದಿನ ಕಾಗದದ ಹಾಳೆಯ ಮೇಲೆ ಒಂದೊಂದು ಸೀಸೆಯದೂ ಒಂದೊಂದು ಕಲೆ ಎದ್ದಿತು, ಕಲೆ ದೊಡ್ಡದಾದಷ್ಟೂ ವಿಷ ಹೆಚ್ಚು. ಮುರಿಯುವವರದೂ ಹೊರಗೆ ಕೂತವರದೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸವೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಕಲೆ ಹನ್ನೆರಡನೆಯದು. ನಿನ್ನದು. ಪ್ರೊಫೆಸರು ನನ್ನನ್ನು ಕೇಳಿದರು ಕೂಡ: "ಇವರೆಲ್ಲ ಮೂರು ದಿನ ಸೊಪ್ಪು ಮುಟ್ಟಿಲ್ಲ ಅನ್ನೋದು ಖಂಡಿತ ತಾನೆ?" ಖಂಡಿತ ಸಾರ್ ಅಂದೆ. ಹಾಗಾದರೆ ಇದು ಹೊಲದಿಂದ ಬಂದದ್ದಲ್ಲ, ಎಲೆಅಡಿಕೆ ಜೊತೆ ಹೊಗೆಸೊಪ್ಪು ಜಗಿಯುತ್ತಾರಲ್ಲ, ಅದರಿಂದಲೇ ಬಂದದ್ದು, ವಾಂತಿಯೂ ಅದರಿಂದಲೇ ಎಂದು ತೀರ್ಮಾನಿಸಿದರು. ಅವರದು ತಪ್ಪು ಯೋಚನೆಯೇನಲ್ಲ. ಇಟ್ಟ ಸೀಸೆಗಳು ಹಾಗೆ ಹೇಳುತ್ತಿದ್ದವು.

ಮುಂದಿನ ಸುಗ್ಗಿಯ ಹೊತ್ತಿಗೆ ಪ್ರೊಫೆಸರು ಯಜಮಾನರ ಮನೆಗೆ ಹೋಗಿ, ಕಾಫಿ ಕುಡಿದು, ಇದನ್ನು ಹೇಳಿ ಬಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ನಡೆದದ್ದನ್ನು ನಾನು ನೋಡಿಲ್ಲ, ನಿನ್ನ ಸಾಲಿನಲ್ಲಿ ಮುರಿಯುತ್ತಿದ್ದ ಕಾಳಮ್ಮತ್ತೆ ಹೇಳಿದ್ದು. ಮೂರು ದಿನ ಬಿಡದೆ ಮಳೆ. ನೀನು ಯಜಮಾನರ ಹೆಂಡತಿಯ ಹತ್ತಿರ ಹೋಗಿ ಹೊರಗಾದೆ ಅಂದೆ. ಆಕೆ ಬೆರಳು ಮಡಚಿ, "ಅದಿನೈದು ದಿವ್ಸುಕ್ಕೇ ಇನ್ನೊಂದ್ಸಲನಾ? ಈ ವಯಸ್ನಾಗೆ? ನಡಿ ನಡಿ" ಅಂದಳು. ನೀನು ಎದೆ ಹಿಡಿದುಕೊಂಡು ನಿಂತೆ. ಯಜಮಾನರು ನಿನ್ನ ಸೊಂಟದ ಎಲೆಅಡಿಕೆ ಚೀಲ ಕಿತ್ತು ಬೇಲಿಯಾಚೆ ಎಸೆದರು. "ಇದೇ ಕಣಮ್ಮಿ ನಿನ್ ಕಾಯ್ಲೆ. ಸೊಪ್ಪಿಂದೇನೂ ಆಗಾಕಿಲ್ಲ ಅಂತ ದೊಡ್ಡ ಡಾಕ್ಟ್ರೇ ಏಳವ್ರೆ. ನಿನ್ ಮಗ್ಳೇ ನಿಂತಿದ್ಲಲ್ಲ, ಕೇಳೋಗು!" ನೀನು ಸಾಲಿಗೆ ಇಳಿದೆಯಂತೆ. ಮಗಳು ನಿಂತಿದ್ದಳು ಅಂದ ಮೇಲೆ ಏನು ಅನ್ನುವುದು?

ಮಧ್ಯಾಹ್ನಕ್ಕೆ ಸಾಲಿನ ನಡುವೆ ಬಿದ್ದೆ. ಅಮಲು ಇಳಿದ ಮೇಲೆ ಏಳ್ತಾಳೆ ಎಂದು ಸಾಲು ಮುಗಿಸಿ ಬಂದು ನೋಡಿದರಂತೆ. ಹುಣಸೂರಿನ ಆಸ್ಪತ್ರೆಯಲ್ಲಿ ಹೃದಯ ನಿಂತಿದೆ ಎಂದು ಬರೆದರು, ಸತ್ತವರೆಲ್ಲರದೂ ನಿಂತಿರುತ್ತದೆ. ಸೊಪ್ಪೇ ಕೊಂದಿತು ಎಂದು ಆಣೆಯಿಟ್ಟು ಹೇಳಲಾರೆ, ಅಷ್ಟು ಕಲಿತಿದ್ದೇನೆ. ನೀನು ಬಿದ್ದ ಹೊತ್ತಿಗೆ ನಾನು ಮೈಸೂರಿನಲ್ಲಿ ಆ ಲೇಖನಕ್ಕೆ ನಕ್ಷೆ ಬರೆಯುತ್ತಿದ್ದೆ. ಹೊರಗೆ ಕೂತವರ ಗೆರೆಗೆ ಕೆಂಪು ಶಾಯಿ ಹಾಕುತ್ತಿದ್ದೆ.

ನಿನ್ನ ತಿಥಿಯ ದಿನ ಹೆಂಗಸರೆಲ್ಲ ಸೇರಿದ್ದರು. ಒಂದು ಸೀಸೆಯ ಪಾಪ ಹೊತ್ತುಕೊಂಡು ಕೂತಿದ್ದ ನನ್ನ ಪಕ್ಕ ಕಾಳಮ್ಮತ್ತೆ ಬಂದು ಕೂತು, ಮೂಗು ಒರೆಸಿಕೊಂಡು ಅಂದಳು: "ನಿಮ್ಮವ್ವ ನಮ್ಮುನ್ನ ಬದ್ಕಿಸ್ಬುಟ್ಲು ಕಣವ್ವ. ತಡೀನಾರ್ದಂಗೆ ಸೊಪ್ಪು ಸೊಕ್ಕುದ್ರೆ ಒರಗಾದೆ ಅಂದ್ಬುಡಿ, ಯಾವ ಗಂಡ್ಸು ಬಂದ್ ನೋಡಾನು ಅಂತ ಏಳ್ಕೊಟ್ಟವ್ಳೇ ಅವ್ಳು." ನಾನು ಕೇಳಿದೆ: ನನಗೆ ಸೀಸೆ ಕೊಟ್ಟವರು? ಅವಳು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. "ಎಲ್ಲಾ ಅಂಗೇ. ಮೂರ್ನೇ ದಿನ ತಾನೆ ಅಂತ ನೀನೇ ಕೇಳ್ತಿದ್ದೆ, ಊ ಅಂತಿದ್ದೋ."

ಗೊತ್ತಾಯಿತಾ ಅವ್ವಾ? ನಾನು ಹುಡುಕಿ ಹುಡುಕಿ ಕೂಡಿಸಿದ್ದು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ವಿಷ ಕುಡಿದ ಮೈಗಳನ್ನು. ಅವನ್ನೇ ವಿಷ ತಾಗದವರು ಎಂದು ಬರೆದುಕೊಟ್ಟೆ. ನಿನ್ನ ಸುಳ್ಳು ಹೆಂಗಸರಿಗೆ ಒಂದೆರಡು ದಿನ ಉಸಿರು ಕೊಡುತ್ತಿತ್ತು. ನನ್ನ ಸುಳ್ಳು ಅವರಿಗೆ ಸಿಗಬೇಕಾಗಿದ್ದ ಹೊದಿಕೆಯನ್ನು ಕಿತ್ತುಕೊಂಡಿತು. ನಿನ್ನ ಸುಳ್ಳು ನನಗೆ ಗೊತ್ತಿತ್ತಲ್ಲ, ಉಳಿದ ಹನ್ನೊಂದು ಜನರನ್ನು ಒಂದು ಮಾತು ಬಿಡಿಸಿ ಕೇಳಿದ್ದರೆ...

ಪ್ರೊಫೆಸರಿಗೆ ಹೇಳಿದೆ, ತಡವಾಗಿ. ಅವರು ಬೈಯಲಿಲ್ಲ. "ಆ ಹೆಂಗಸರು ಸುಳ್ಳು ಹೇಳಿದ್ವಿ ಅಂತ ಹೆಬ್ಬೆಟ್ಟು ಒತ್ತಿ ಕೊಡಲಿ, ತಿದ್ದುಪಡಿ ಕಳಿಸೋಣ" ಅಂದರು. ಊರಿಗೆ ಹೋದೆ. ಒಬ್ಬರೂ ಒತ್ತಲಿಲ್ಲ. ಕಾಳಮ್ಮತ್ತೆ ಬಾಗಿಲಲ್ಲೇ ನಿಲ್ಲಿಸಿ ಅಂದಳು: "ನಾವು ಸುಳ್ಳಿಯರು ಅಂತ ಬರ್ಕೊಟ್ರೆ ನಾಳೆ ದಿಟ್ವಾಗ್ಲೂ ಒರಗಾದಾಗ ಯಾರವ್ವ ನಂಬೋರು? ನಿಮ್ಮವ್ವ ಎಂಗೂ ಸತ್ತವ್ಳೆ. ಅವ್ಳೆಸ್ರು ಬರ್ಕೊ, ಅವ್ಳಿಗಿನ್ನೇನಾದಾತು?" ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಹೇಳು.

ಆದರೆ ನಿನ್ನ ಹೆಸರು ಬರೆದರೂ ಅವರ ಆ ಎರಡು ದಿನ ಹೋಗುತ್ತದೆ. ಯಜಮಾನರ ಹೆಂಡತಿ ಎಲ್ಲರಿಗೂ ಬೆರಳು ಮಡಚುತ್ತಾಳೆ. ಅದಕ್ಕೇ ನಿನ್ನ ಸುಳ್ಳನ್ನು ಬರೆಯಲಿಲ್ಲ. ನನ್ನದನ್ನು ಬರೆದಿದ್ದೇನೆ. ಹನ್ನೆರಡು ಚೀಟಿಯ ಮೇಲೂ ದಿನ ಸುಳ್ಳು ಬರೆದವಳು ನಾನು, ಮುರಿಯುವವರ ಸೀಸೆಗಳನ್ನೇ ಹೊರಗೆ ಕೂತವರದು ಎಂದು ಕೊಟ್ಟವಳು ನಾನು, ಹೆಂಗಸರಿಗೆ ಇದೊಂದೂ ಗೊತ್ತಿರಲಿಲ್ಲ ಎಂದು. ನಾಳೆ ಬೆಳಿಗ್ಗೆ ಪ್ರೊಫೆಸರ ಮೇಜಿನ ಮೇಲೆ ಇಡುತ್ತೇನೆ. ಕೆಲಸ ಹೋಗುತ್ತದೆ. ನೀನು ನೆಂದ ಸೊಪ್ಪಿನಲ್ಲಿ ನಿಂತು ಓದಿಸಿದ್ದರ ಕೊನೆ ಇದು. ಇಷ್ಟಾದರೂ ಅವರು ತಿದ್ದುತ್ತಾರೋ, ನನ್ನೊಬ್ಬಳನ್ನು ಕಳಿಸಿ ಸುಮ್ಮನಾಗುತ್ತಾರೋ ಗೊತ್ತಿಲ್ಲ.

ಇನ್ನೊಂದು ಸುದ್ದಿ ಇದೆ. ಆ ಲೇಖನ ಇರುವ ಪುಸ್ತಕ ಹೋದ ವಾರ ಬಂತು. ಅಚ್ಚಾಗಿದೆ ಅವ್ವಾ, ನನ್ನ ಹೆಸರು. ಮೂರನೆಯದು, ದಪ್ಪ ಅಕ್ಷರದಲ್ಲಿ. ನೀನೂ ಇದ್ದೀಯ, ಒಳಗೆ, ಕೆಳಗಿನ ಪಟ್ಟಿಯಲ್ಲಿ. ಹನ್ನೆರಡು, ಸೊಪ್ಪು ಮುಟ್ಟಿಲ್ಲ.

ನಿನ್ನ ಮಗಳು,
ಜಯಮ್ಮ